ನಾಲ್ಕು ಸಾವಿರಕ್ಕೆ ನಿಂತ ಮುಳ್ಳು

ಹಲ್ಲಿನ ಡಾಕ್ಟರ ಕೈಯಲ್ಲಿರುವ ಡ್ರಿಲ್ಲು ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುತ್ತದೆ. ಗೇಣುದ್ದವೂ ಇಲ್ಲದ ಆ ಕಡ್ಡಿ ಮೂರು ಲಕ್ಷ ತಿರುಗುವಾಗ, ಮನೆ ಮುಂದೆ ನಿಂತಿರುವ ಕೆಂಪು ಕಾರಿನ ಎಂಜಿನ್ನು ಏಳು ಸಾವಿರ ತಿರುಗಬೇಕಾದದ್ದು ನಾಲ್ಕು ಸಾವಿರಕ್ಕೇ ಗಕ್ಕನೆ ನಿಂತರೆ, ಅದನ್ನು ಹಟ ಹಿಡಿದು ಕೊಂಡ ಮನುಷ್ಯನಿಗೆ ಎಷ್ಟು ಸಂಕಟವಾಗಬೇಡ, ನೀವೇ ಹೇಳಿ. ನಮ್ಮ ಡಾಕ್ಟರಿಗೆ ಈ ಸಂಕಟ ಶುರುವಾಗಿ ಮೂರು ವಾರವಾಗಿತ್ತು.

ಕಾರು ನೋಡಲು ಬಹಳ ಸಾಧು. ಚಿಕ್ಕದು, ಗಿಡ್ಡದು, ಹಿಂದಿನ ಬಾಗಿಲು ಎತ್ತಿದರೆ ಎರಡು ತರಕಾರಿ ಚೀಲ ಹಿಡಿಸುವಷ್ಟು ಜಾಗ. ಆದರೆ ಬಾನೆಟ್ಟಿನ ಕೆಳಗೆ ಇರುವುದು ರೇಸಿಗೆ ಹುಟ್ಟಿದ ಎಂಜಿನ್ನು. ಬಲ್ಲವರು ಇಂಥದ್ದನ್ನು ಹಾಟ್ ಹ್ಯಾಚ್ ಎನ್ನುತ್ತಾರೆ. ಡಾಕ್ಟರ ಹೆಂಡತಿ ಮೆಣಸಿನಕಾಯಿ ಎನ್ನುತ್ತಾರೆ. ಐವತ್ತೆರಡನೆಯ ವಯಸ್ಸಿನಲ್ಲಿ ಗಂಡನಿಗೆ ಮೆಣಸಿನಕಾಯಿ ಯಾಕೆ ಬೇಕಾಯಿತು ಎಂದು ಅವರು ಹತ್ತು ತಿಂಗಳ ಹಿಂದೆ ಒಂದೇ ಒಂದು ಸಲ ಕೇಳಿದ್ದರು. "ತರಕಾರಿ ತರೋಕೆ" ಎಂದು ಡಾಕ್ಟರು ಉತ್ತರಿಸಿದ್ದರು. ಅವರು ಮತ್ತೆ ಕೇಳಲಿಲ್ಲ.

ಮತ್ತೆ ಕೇಳದೆ ಇರುವುದೇ ಅವರ ಕಸುಬು. ಅವರು ಒಂದು ಶಾಲೆಯ ಹೆಡ್‌ಮಿಸ್ಸು. ಶಾಲೆಯಲ್ಲಿ ಗಾಜು ಒಡೆದರೆ, ಗೋಡೆಯ ಮೇಲೆ ಯಾರದೋ ಮೂಗು ಉದ್ದವಾಗಿ ಬರೆದಿದ್ದರೆ, ಅವರು "ಯಾರು ಮಾಡಿದ್ದು?" ಎಂದು ಕೇಳುವುದೇ ಇಲ್ಲ. "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎಂದು ಕೇಳಿ, ಕೈಕಟ್ಟಿ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಗಂಟೆಯಾಗಲಿ, ವಾರವಾಗಲಿ, ಕಾಯುತ್ತಾರೆ. ಕೊನೆಗೆ ಗಾಜು ಒಡೆದವನು ತಾನಾಗಿ ಬಂದು ಅಳುತ್ತಾನೆ. (ಒಮ್ಮೆ ಗಾಜು ಒಡೆಯದವನೂ ಬಂದು ಅತ್ತಿದ್ದ, ಆ ಮೌನ ತಡೆಯಲಾರದೆ.)

ಡಾಕ್ಟರ ಕಸುಬು ಇದಕ್ಕೆ ತದ್ವಿರುದ್ಧ. ಅವರು ದಿನವಿಡೀ ಪ್ರಶ್ನೆ ಕೇಳುತ್ತಾರೆ, ಆದರೆ ಕೇಳಿಸಿಕೊಂಡವರ ಬಾಯಿ ತುಂಬ ಹತ್ತಿ, ಕನ್ನಡಿ, ಎಂಜಲು ಹೀರುವ ನಳಿಗೆ. ಉತ್ತರ ಬರುವ ದಾರಿಯೇ ಮುಚ್ಚಿರುವುದರಿಂದ ಪ್ರಶ್ನೆಯನ್ನೂ ಉತ್ತರವನ್ನೂ ಅವರೇ ಹೇಳಿಕೊಂಡು ಮುಂದೆ ಹೋಗುತ್ತಾರೆ. ಇಪ್ಪತ್ತೈದು ವರ್ಷದ ಈ ಅಭ್ಯಾಸ ಕ್ಲಿನಿಕ್ಕಿನ ಬಾಗಿಲಲ್ಲಿ ನಿಲ್ಲದೆ ಅವರ ಹಿಂದೆಯೇ ಮನೆಗೂ ಬಂದಿತ್ತು.

ಅವರ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಹಳ ಹಿಂದೆ ಅವರು ನಿದ್ದೆಗಣ್ಣಿನಲ್ಲಿ ಹೆಂಡತಿಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಲ್ಲುಜ್ಜಿ, ಹಲ್ಲಿನ ಡಾಕ್ಟರಾಗಿಯೂ ಹೀಗೆ ಮಾಡಬಹುದೇ ಎಂದು ಛೀಮಾರಿ ಹಾಕಿಸಿಕೊಂಡಿದ್ದರು. ಅಂದಿನಿಂದ ಮನೆಯ ಸಾಮಾನಿಗೆಲ್ಲ ಕ್ಲಿನಿಕ್ಕಿನ ಡ್ರಿಲ್ಲಿನಿಂದ ಗುರುತು ಕೊರೆಯುವುದು ರೂಢಿಯಾಯಿತು. ಒಂದು ಚುಕ್ಕೆ ಇದ್ದರೆ ಡಾಕ್ಟರದು, ಎರಡು ಚುಕ್ಕೆ ಇದ್ದರೆ ಹೆಡ್‌ಮಿಸ್ಸಿನದು. ಬ್ರಷ್ಷು, ಛತ್ರಿಯ ಹಿಡಿ, ಕನ್ನಡಕದ ಡಬ್ಬಿ, ಬಾಚಣಿಗೆ, ಯಾವುದೂ ಉಳಿಯಲಿಲ್ಲ. ಕಾರಿನ ಎರಡು ಕೀಲಿಗಳಿಗೂ ಚುಕ್ಕೆ ಬಿತ್ತು. ಆ ಕಾರಿಗೆ ಕೀಲಿ ತಿರುಗಿಸುವ ಕೆಲಸವಿಲ್ಲ. ಕೀಲಿ ಜೇಬಿನಲ್ಲೋ ಚೀಲದಲ್ಲೋ ಇದ್ದು ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಡಾಕ್ಟರು ತಮ್ಮ ಕೀಲಿಯನ್ನು ಕಂದು ಚರ್ಮದ ಕವಚದಲ್ಲಿಟ್ಟರು. ಹೆಂಡತಿಯದನ್ನು ಹಳದಿ ರಬ್ಬರಿನ ಕವಚದಲ್ಲಿಟ್ಟು, ಶಾಲೆಯ ಸೀಟಿಯೊಂದನ್ನು ಅದಕ್ಕೆ ಕಟ್ಟಿ, "ಇದು ನಿನ್ನದು. ನನ್ನದರ ಜೊತೆ ಬೆರಸಬೇಡ" ಎಂದು ಪಟ್ಟಾಭಿಷೇಕದ ಗಾಂಭೀರ್ಯದಲ್ಲಿ ಒಪ್ಪಿಸಿದರು. ಅದಕ್ಕೆ ಮೊದಲು, ಕಾರು ಬಂದ ದಿನ, ಅದರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಮೂರು ಗಂಟೆ ಕಾರಿನೊಳಗೆ ಕೂತು ಏನೇನೋ ಗುಂಡಿ ಒತ್ತಿದ್ದರು. (ಅಲ್ಲಿ ಏನು ಮಾಡಿದರು ಎಂಬುದನ್ನು ಈಗಲೇ ಹೇಳಲಾರೆ. ಅದು ಅವರಿಗೇ ಮರೆತುಹೋಗಿದೆ.)

ಗಂಡ ಹೆಂಡತಿ ದಿನ ಬಿಟ್ಟು ದಿನ ಕಾರು ಒಯ್ಯುವುದು, ಇನ್ನೊಬ್ಬರು ಬಸ್ಸಿನಲ್ಲಿ ಹೋಗುವುದು ಎಂದು ಒಪ್ಪಂದವಾಗಿತ್ತು. ಮೊದಮೊದಲು ಹೆಡ್‌ಮಿಸ್ಸು ದೂರು ಹೇಳುತ್ತಿದ್ದರು.

"ರೀ, ನೀರಿನ ಟ್ಯಾಂಕಿನ ಏರಿನಲ್ಲಿ ಇದಕ್ಕೆ ಉಸಿರು ಕಟ್ಟುತ್ತೆ. ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ."

"ಡ್ರೈವಿಂಗ್ ಅನ್ನೋದು ಒಂದು ಕಲೆ ಕಣೇ. ಗೇರಿನ ಜೊತೆ ಮಾತಾಡಬೇಕು. ಪೆಡಲ್ಲನ್ನ ಒತ್ತಬಾರದು, ಓಲೈಸಬೇಕು."

"ಓಲೈಸಿದೆ. ಆದರೂ ಹತ್ತಲ್ಲ."

"ಎಲ್ಲರ ಕಾಲಿಗೂ ಅದು ಬರಲ್ಲ ಬಿಡು" ಎಂದು ಡಾಕ್ಟರು ಪತ್ರಿಕೆ ತಿರುವುತ್ತಿದ್ದರು. ಹೀಗೆ ಒಂಬತ್ತು ತಿಂಗಳು ನಡೆದು, ಒಂದು ದಿನ ದೂರು ತಾನಾಗಿ ನಿಂತಿತು. ತಮ್ಮ ಪಾಠ ಕೊನೆಗೂ ತಲೆಗೆ ಹೋಯಿತು ಎಂದು ಡಾಕ್ಟರು ಒಳಗೊಳಗೇ ಬೀಗಿದರು. ಅದರ ಮರುದಿನ ಅವರ ಸರದಿ. ಟ್ಯಾಂಕಿನ ಏರಿನಲ್ಲಿ ಪೆಡಲ್ಲನ್ನು ಓಲೈಸಿದರು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎರಡು ಸಾವಿರ, ಮೂರು ಸಾವಿರ, ನಾಲ್ಕು ಸಾವಿರಕ್ಕೆ ಬಂದು ಗೊಕ್ ಗೊಕ್ ಎಂದು ಕೆಮ್ಮಿ ಅಲ್ಲೇ ನಿಂತಿತು. ಒತ್ತಿದರು. ತುಳಿದರು. ಬೈದರು. ಹಿಂದಿನಿಂದ ಹಾಲಿನ ವ್ಯಾನಿನವನು ಹಾರ್ನ್ ಹೊಡೆದು, ಪಕ್ಕದಲ್ಲಿ ಹಾದುಹೋಗುವಾಗ ಕನಿಕರದಿಂದ ನೋಡಿದ. ಆ ನೋಟ ಡಾಕ್ಟರ ಎದೆಗೆ ನಾಟಿತು.

ಅಂದು ಸಂಜೆ ಅವರ ಮುಖ ನೋಡಿ ಹೆಡ್‌ಮಿಸ್ಸು ಕೇಳಿದರು, "ಏನಾದರೂ ಹೇಳೋದಿದೆಯಾ?"

"ಪೆಟ್ರೋಲಿನಲ್ಲಿ ಕಸ ಇರಬೇಕು."

"ಇನ್ನೇನೂ ಇಲ್ವಾ?"

"ಗಾಳಿ ಫಿಲ್ಟರೂ ಇರಬಹುದು."

ಹೆಡ್‌ಮಿಸ್ಸು ತಲೆಯಾಡಿಸಿ ಮಕ್ಕಳ ಕಾಪಿ ತಿದ್ದಲು ಕೂತರು. ಮೂರು ವಾರ, ಪ್ರತಿ ಸಂಜೆ, ಇದೇ ಪ್ರಶ್ನೆ. ಹೆಂಡತಿಗೆ ಎಂಜಿನ್ನಿನ ಮೇಲೆ ಇಷ್ಟು ಆಸಕ್ತಿ ಬಂದದ್ದು ನೋಡಿ ಡಾಕ್ಟರಿಗೆ ಸಂತೋಷವೇ ಆಯಿತು.

ಪೆಟ್ರೋಲು ಬದಲಾಯಿತು, ಗಾಳಿ ಫಿಲ್ಟರು ಬದಲಾಯಿತು, ಪೆಡಲ್ಲಿನ ಕೆಳಗೆ ಸಿಕ್ಕಿರಬಹುದೆಂದು ಕಾಲೊರಸು ಕಿತ್ತು ಅಟ್ಟಕ್ಕೆ ಹೋಯಿತು. ಮುಳ್ಳು ಮಾತ್ರ ಕದಲಲಿಲ್ಲ. ಹೆಂಡತಿಯ ಸರದಿಯ ದಿನ ಅದೇ ಮುಳ್ಳು ಏಳು ಸಾವಿರ ಮುಟ್ಟುತ್ತದೆ ಎಂದು ಅವರೇ ಹೇಳಿದರು. ಶಾಲೆಯ ಪಕ್ಕದಲ್ಲೇ ಒಂದು ಗ್ಯಾರೇಜು ಇದೆ. ತಮ್ಮ ಸರದಿಯ ದಿನ ಹೆಡ್‌ಮಿಸ್ಸೇ ಕಾರನ್ನು ಅಲ್ಲಿ ಬಿಟ್ಟುಹೋದರು. ಅಲ್ಲಿನ ಮೇಸ್ತ್ರಿ ಕಾರಿಗೆ ಕಂಪ್ಯೂಟರಿನ ತಂತಿ ಚುಚ್ಚಿ, ಏರಿನಲ್ಲಿ ಎರಡು ಸಲ ಓಡಿಸಿ, ಡಾಕ್ಟರಿಗೆ ಫೋನ್ ಮಾಡಿದ.

"ಸಾರ್, ಗಾಡಿ ಬೆಂಕಿ ಇದ್ದಂಗಿದೆ. ಏಳು ಸಾವಿರ ಆರಾಮಾಗಿ ಎಳೀತು."

ಮರುದಿನ ಡಾಕ್ಟರು ಕೂತರು. ನಾಲ್ಕು ಸಾವಿರ. ಗೊಕ್ ಗೊಕ್.

ಬೇರೆಯವರಾಗಿದ್ದರೆ ಇಷ್ಟಕ್ಕೆ ತಲೆ ಕೆಟ್ಟುಹೋಗುತ್ತಿತ್ತು. ಆದರೆ ಡಾಕ್ಟರಿಗೆ ಈ ರೋಗ ಹೊಸದಲ್ಲ. ಇಡೀ ವಾರ ಗಲ್ಲ ಹಿಡಿದು ನರಳಿದವರು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ ಕೂಡಲೇ "ಈಗ ನೋವೇ ಇಲ್ಲ ಡಾಕ್ಟರೇ" ಎನ್ನುವುದನ್ನು ಅವರು ದಿನವೂ ನೋಡುತ್ತಾರೆ. ಕಾರೂ ಮೇಸ್ತ್ರಿಯನ್ನು ಕಂಡು ಹೆದರಿ ನೆಟ್ಟಗಾಗಿದೆ, ಅಷ್ಟೇ. ಆದ್ದರಿಂದ ರೋಗಿಯನ್ನು ಒಯ್ಯುವ ಬದಲು ಮೇಸ್ತ್ರಿಗೆ ಲಕ್ಷಣಗಳನ್ನು ಬಾಯಲ್ಲೇ ಹೇಳುವುದು ಮೇಲು ಎಂದು ಅವರಿಗೆ ತೋರಿತು. ಅದೇ ವಾರ ಮೇಸ್ತ್ರಿ ದವಡೆ ಹಲ್ಲಿನ ಹುಳುಕು ತೋರಿಸಲು ಕ್ಲಿನಿಕ್ಕಿಗೆ ಬಂದದ್ದು ದೈವಸಂಕಲ್ಪವೇ ಸರಿ.

"ಬಾಯಿ ತೆಗೀರಿ ಮೇಸ್ತ್ರಿ. ಇನ್ನೂ ದೊಡ್ಡದಾಗಿ. ಹಾಂ. ಈಗ ಹೇಳಿ, ಹೆಂಡತಿ ಓಡಿಸಿದ್ರೆ ಏಳು ಸಾವಿರ, ನಾನು ಓಡಿಸಿದ್ರೆ ನಾಲ್ಕು. ಯಾಕಿರಬಹುದು?"

ಮೇಸ್ತ್ರಿಯ ಕಣ್ಣು ಫಳಕ್ಕನೆ ಹೊಳೆಯಿತು. "ಸಾರ್, ನಿಮ್..." ಎನ್ನುವಷ್ಟರಲ್ಲಿ ಎರಡು ಉಂಡೆ ಹತ್ತಿ ಒಳಗೆ ಹೋಯಿತು.

"ಸ್ಪಾರ್ಕ್ ಪ್ಲಗ್ಗು ಅಂತೀರಾ? ನನಗೂ ಹಾಗೇ ಅನ್ನಿಸಿತ್ತು."

ಮೇಸ್ತ್ರಿ ತಲೆ ಅಡ್ಡಡ್ಡ ಆಡಿಸಿ ಎರಡು ಬೆರಳು ತೋರಿಸಿದ.

"ಎರಡು ದಿನದಿಂದ ನೋವಾ? ಅಲುಗಾಡಬೇಡಿ."

ಮೇಸ್ತ್ರಿ ತನ್ನ ಜೇಬು ತಟ್ಟಿ ತೋರಿಸಿದ. ಕರವಸ್ತ್ರ ಕೇಳುತ್ತಿದ್ದಾನೆಂದು ತಿಳಿದು ಡಾಕ್ಟರು ಅವನ ಎದೆಯ ಮೇಲೆ ಒಂದು ಕಾಗದದ ಟವೆಲ್ ಹೊದಿಸಿದರು. ಅರ್ಧ ಗಂಟೆಯ ನಂತರ ಎದ್ದಾಗ ಅವನ ಅರ್ಧ ಮುಖ ಮರಗಟ್ಟಿತ್ತು. ತುಟಿ ಅವನ ಮಾತು ಕೇಳುತ್ತಿರಲಿಲ್ಲ. ಒಂದೆರಡು ಸಲ ಏನೋ ಹೇಳಲು ಹೆಣಗಿ, ಕೈ ಮುಗಿದು ಹೊರಟುಹೋದ. ಮಾತು ಬಾರದವರಂತೆ ಸನ್ನೆ ಮಾಡುವುದಕ್ಕಿಂತ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಡಾಕ್ಟರು ಬೇಸರಪಟ್ಟುಕೊಂಡರು.

ಇನ್ನು ಭಾವಮೈದನ ವಿಷಯ. ಹೆಡ್‌ಮಿಸ್ಸಿನ ತಮ್ಮ ನಕ್ಷೆ ಬರೆಯುವ ಎಂಜಿನಿಯರು, ಮೂರು ಮಕ್ಕಳ ತಂದೆ. ಅವನ ಹತ್ತಿರ ಏಳು ಸೀಟಿನ ಬೂದು ಬಣ್ಣದ ಕಾರು ಇದೆ. ಅದು ಬೀರುವಿಗೆ ಚಕ್ರ ಕಟ್ಟಿದಂತೆ ಓಡುತ್ತದೆ. ಕೆಂಪು ಕಾರು ಬಂದ ದಿನದಿಂದ ಅವನ ಕಣ್ಣು ಅದರ ಮೇಲೆ. ಊಟಕ್ಕೆ ಬಂದವನು ಭಾವನ ಗೋಳು ಕೇಳಿ, ದುಃಖ ತೋರಿಸಲು ಎಷ್ಟು ಪ್ರಯತ್ನಿಸಿದರೂ ತುಟಿಯ ತುದಿಯಲ್ಲಿ ನಗು ಇಣುಕುತ್ತಿತ್ತು.

"ಭಾವ, ನೀವು ಯಾಕೆ ಈ ವಯಸ್ಸಲ್ಲಿ ಒದ್ದಾಡ್ತೀರಾ? ಅದಲುಬದಲು ಮಾಡ್ಕೊಳ್ಳೋಣ. ನನ್ನದರಲ್ಲಿ ಒಂದು ದಿನಾನೂ ಒಂದು ತೊಂದರೆ ಇಲ್ಲ."

"ತೊಂದರೆ ಬರೋಕೆ ಅದು ಮೊದಲು ಓಡಬೇಕಲ್ಲಯ್ಯ!"

"ನಿಮ್ಮದೂ ಓಡ್ತಿಲ್ಲವಲ್ಲ ಭಾವ."

ಡಾಕ್ಟರ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಚಮಚ ಎತ್ತಿ, "ಇಪ್ಪತ್ತೈದು ವರ್ಷದಿಂದ ಬೇರಿನಲ್ಲಿ ಅಡಗಿದ ರೋಗ ಹುಡುಕ್ತಾ ಇದೀನಿ. ಬರೋ ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಇದರ ರೋಗ ಏನು ಅಂತ ಕಂಡುಹಿಡಿದು ನಿಮ್ಮಿಬ್ಬರ ಮುಂದೆ ಹೇಳದೇ ಇದ್ರೆ, ಕಾರು ನಿನ್ನದು. ಆ ಬೀರು ನನ್ನದು" ಎಂದು ಘೋಷಿಸಿದರು. ಘೋಷಿಸಿದ ಮೇಲೆ ಚಮಚ ಕೆಳಗಿಡಲು ಭಯವಾಯಿತು. ಹೆಂಡತಿ ತಡೆಯುತ್ತಾರೇನೋ ಎಂದು ನೋಡಿದರು. ಹೆಡ್‌ಮಿಸ್ಸು "ಆಗಲಿ. ನಾನು ಸಾಕ್ಷಿ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಭಾವಮೈದ ಮರುದಿನವೇ ಕೆಂಪು ಕಾರಿಗೆ ಸೀಟಿನ ಹೊದಿಕೆ ತಂದಿಟ್ಟುಕೊಂಡ ಎಂದು ಸುದ್ದಿ ಬಂತು.

ಶನಿವಾರ ಸಂಜೆ ಡಾಕ್ಟರು ಕೇಸ್ ಶೀಟು ಬರೆದರು. ರೋಗಿ: ಕೆಂಪು ಕಾರು. ವಯಸ್ಸು: ಹತ್ತು ತಿಂಗಳು. ಹೆಂಡತಿ ಓಡಿಸಿದಾಗ: ಏಳು ಸಾವಿರ. ತಾನು ಓಡಿಸಿ ಹೆಂಡತಿ ಪಕ್ಕದಲ್ಲಿ ಕೂತಾಗ: ಏಳು ಸಾವಿರ. ತಾನು ಒಬ್ಬನೇ: ನಾಲ್ಕು ಸಾವಿರ. ಬರೆದದ್ದನ್ನು ಮೂರು ಸಲ ಓದಿದರು. ಎಂಜಿನ್ನಿಗೆ ಏನೂ ಆಗಿಲ್ಲ, ಹೆಂಡತಿ ಇಲ್ಲದಿರುವುದೇ ರೋಗ ಎಂಬ ಭಯಂಕರ ಸತ್ಯ ಕಾಗದದ ಮೇಲೆ ಎದ್ದು ನಿಂತಿತ್ತು. ಮದುವೆಯ ಮನೆಯಲ್ಲಿ ಆಶೀರ್ವಾದ ಮಾಡುವವರು ಇಂಥ ಮಾತು ಹೇಳಿದರೆ ಚೆನ್ನ. ಕಾರಿನ ಎಂಜಿನ್ನು ಹೇಳಿದರೆ ನಂಬುವುದು ಹೇಗೆ? ಹೆಂಡತಿಯಲ್ಲಿರುವ ಯಾವುದೋ ಒಂದು ವಸ್ತುವೋ ಗುಣವೋ ಎಂಜಿನ್ನಿಗೆ ಬೇಕಾಗಿದೆ. ಅದು ಯಾವುದೆಂದು ಒಂದೊಂದಾಗಿ ಪರೀಕ್ಷಿಸಬೇಕು. ನೋವಿರುವ ಹಲ್ಲು ಯಾವುದೆಂದು ತಿಳಿಯದಿದ್ದರೆ ಒಂದೊಂದನ್ನೇ ತಟ್ಟಿ ನೋಡುವುದಿಲ್ಲವೇ, ಹಾಗೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ ಆರಂಭವಾಯಿತು. ಮೊದಲು ಹೆಂಡತಿಯಂತೆ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಹೊಟ್ಟೆ ಸ್ಟೀರಿಂಗಿಗೆ ಒತ್ತುತ್ತಿದ್ದರೂ ಉಸಿರು ಹಿಡಿದು ಏರು ಹತ್ತಿದರು. ನಾಲ್ಕು ಸಾವಿರ. ಮನೆಗೆ ಬಂದು ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡರು. ಹಿಮ್ಮಡಿ ಅರ್ಧ ಹೊರಗೆ. ಎದುರುಮನೆಯ ಮುದುಕರು ಬಾಲ್ಕನಿಯಲ್ಲಿ ಕೂತು ಇದನ್ನು ನೋಡಿ ಕನ್ನಡಕ ಒರಸಿಕೊಂಡರು. ನಾಲ್ಕು ಸಾವಿರ. ಹೆಂಡತಿಯ ಶಾಲು ಹೊದ್ದರು. ಮುದುಕರು ತಮ್ಮ ಹೆಂಡತಿಯನ್ನೂ ಬಾಲ್ಕನಿಗೆ ಕರೆದರು. ನಾಲ್ಕು ಸಾವಿರ. ಗಂಟೆ ಹತ್ತೂವರೆ ಆಯಿತು. ಡಾಕ್ಟರು ಕೆಂಪು ಬಾನೆಟ್ಟಿನ ಮೇಲಿನ ಧೂಳನ್ನು ಶಾಲಿನ ತುದಿಯಿಂದ ಒರಸಿದರು. ಇನ್ನು ಒಂದೂವರೆ ಗಂಟೆಯಲ್ಲಿ ಇದು ಪರರ ಪಾಲು, ತಮ್ಮ ಪಾಲಿಗೆ ಬೀರು.

ಒಳಗೆ ಬಂದು ಸಂಕೋಚದಿಂದ ನಿಂತರು. ಹೆಡ್‌ಮಿಸ್ಸು ಕಾಪಿ ತಿದ್ದುತ್ತಿದ್ದರು.

"ನಿನ್ನ ಬ್ಯಾಗು ಸ್ವಲ್ಪ ಹೊತ್ತು ಕೊಡ್ತೀಯಾ?"

ಹೆಡ್‌ಮಿಸ್ಸು ಶಾಲು, ಚಪ್ಪಲಿ, ಮುಖ ಈ ಕ್ರಮದಲ್ಲಿ ನೋಡಿದರು. "ತಗೊಳ್ಳಿ. ಇದಕ್ಕೆ ಮುಂಚೆ ಏನಾದರೂ ಹೇಳೋದಿದೆಯಾ?"

"ಈಗ ಟೈಮಿಲ್ಲ ಕಣೇ."

"ಸರಿ" ಎಂದು ಅವರು ಕಾಪಿಯ ಮೇಲೆ ಬಾಗಿದರು. ತುಟಿ ಕಚ್ಚಿಕೊಂಡಂತೆ ಕಂಡಿತು.

ಡಾಕ್ಟರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿ ಒತ್ತಿದರು. ಏರಿನ ಬುಡದಲ್ಲಿ ಪೆಡಲ್ ತುಳಿದರು. ಮುಳ್ಳು ನಾಲ್ಕು ಸಾವಿರಕ್ಕೆ ಬಂತು. ದಾಟಿತು! ಐದು, ಆರು, ಏಳು! ಕಾರು ಹಗ್ಗ ಬಿಚ್ಚಿದ ಕರುವಿನಂತೆ ನೆಗೆದು ಏರು ಹತ್ತಿತು. ಡಾಕ್ಟರು ಟ್ಯಾಂಕಿನ ಪಕ್ಕ ನಿಲ್ಲಿಸಿ, ಇಳಿದು, ಬ್ಯಾಗನ್ನು ಎದೆಗಪ್ಪಿಕೊಂಡು ಒಂದು ಸುತ್ತು ಕುಣಿದರು. ರೋಗ ಸಿಕ್ಕಿತು, ಇನ್ನು ಬೇರು ಸಿಗಬೇಕು. ಬ್ಯಾಗಿನ ಸಾಮಾನನ್ನು ಒಂದೊಂದಾಗಿ ಟ್ಯಾಂಕಿನ ಕಟ್ಟೆಯ ಮೇಲಿಡುವುದು, ಕೆಳಗಿಳಿದು ಮತ್ತೆ ಹತ್ತುವುದು, ಇದೇ ವಿಧಾನ. ನೀರಿನ ಬಾಟಲಿ ತೆಗೆದರು, ಏಳು ಸಾವಿರ. ಕೆಂಪು ಪೆನ್ನುಗಳ ಕಟ್ಟು ತೆಗೆದರು, ಏಳು ಸಾವಿರ. ಕನ್ನಡಕದ ಡಬ್ಬಿ (ಎರಡು ಚುಕ್ಕೆ), ಬಾಚಣಿಗೆ (ಎರಡು ಚುಕ್ಕೆ), ಹುಡುಗರಿಂದ ಕಿತ್ತುಕೊಂಡ ಕವಣೆ, ಹನ್ನೊಂದು ಗೋಲಿ, ಒಂದು ರಬ್ಬರಿನ ಹಲ್ಲಿ. (ಹಲ್ಲಿ ಕೈಗೆ ಸಿಕ್ಕಾಗ ಡಾಕ್ಟರು ಕಿರುಚಿದ್ದು ಎದುರುಮನೆಯವರೆಗೂ ಕೇಳಿಸಿತಂತೆ.) ಪ್ರತಿ ಸಲವೂ ಏಳು ಸಾವಿರ. ಕೊನೆಗೆ ಬ್ಯಾಗಿನ ತಳದಲ್ಲಿ ಉಳಿದದ್ದು ಹಳದಿ ರಬ್ಬರಿನ ಕವಚ, ಅದಕ್ಕೆ ಕಟ್ಟಿದ ಸೀಟಿ.

ಅದನ್ನೂ ಕಟ್ಟೆಯ ಮೇಲಿಟ್ಟರು. ಇಳಿದರು, ಹತ್ತಿದರು. ನಾಲ್ಕು ಸಾವಿರ. ಗೊಕ್ ಗೊಕ್.

ಡಾಕ್ಟರು ಕಾರಿನಿಂದ ನಿಧಾನವಾಗಿ ಇಳಿದರು. ತಲೆಯೊಳಗೆ ಏನೋ ಒಂದು ಬಾಗಿಲು ಕಿರುಗುಟ್ಟಿತು. ಹಳದಿ ಕವಚ ಬಿಚ್ಚಿ ಕೀಲಿಯನ್ನು ಬಿಸಿಲಿಗೆ ಹಿಡಿದರು. ಒಂದು ಚುಕ್ಕೆ. ತಮ್ಮ ಜೇಬಿನ ಕಂದು ಚರ್ಮದ ಕವಚವನ್ನೂ ಬಿಚ್ಚಿದರು. ಪಕ್ಕಪಕ್ಕದಲ್ಲಿ, ಅಂದವಾಗಿ, ಮೂರು ಲಕ್ಷ ಸುತ್ತಿನ ಡ್ರಿಲ್ಲಿನಿಂದ ತಾವೇ ಕೊರೆದ ಎರಡು ಚುಕ್ಕೆ.

ಆಗ ನೆನಪಾಯಿತು. ಕಾರು ಬಂದ ದಿನದ ಆ ಮೂರು ಗಂಟೆ. ಒಂದು ಕೀಲಿಯನ್ನು ಯಜಮಾನನ ಕೀಲಿಯೆಂದೂ ಇನ್ನೊಂದನ್ನು ಹೊಸಬರ ಕೀಲಿಯೆಂದೂ ಮಾಡಿ, ಹೊಸಬರ ಕೀಲಿಗೆ ಎಂಜಿನ್ನು ಇಷ್ಟಕ್ಕಿಂತ ಹೆಚ್ಚು ತಿರುಗದಂತೆ ಕಡಿವಾಣ ಹಾಕಬಹುದು, ಎರಡೂ ಕಾರಿನೊಳಗಿದ್ದರೆ ಯಜಮಾನನ ಕೀಲಿಯದೇ ನಡೆಯುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಹೊಸ ಎಂಜಿನ್ನು, ಹೆಂಡತಿಯ ಕಾಲು ಎಂಥದೋ ಏನೋ ಎಂದು ಅವರು ಎರಡು ಚುಕ್ಕೆಯ ಕೀಲಿಗೆ ನಾಲ್ಕು ಸಾವಿರದ ಕಡಿವಾಣ ಹಾಕಿ, ಒಂದು ತಿಂಗಳ ಮೇಲೆ ತೆಗೆದರಾಯಿತು ಅಂದುಕೊಂಡು, ಮರೆತಿದ್ದರು. ಮರೆತು, ಒಂಬತ್ತು ತಿಂಗಳು ಡ್ರೈವಿಂಗ್ ಕಲೆಯ ಬಗ್ಗೆ ಉಪನ್ಯಾಸ ಕೊಟ್ಟಿದ್ದರು.

ಕೀಲಿಗಳು ತಾವಾಗಿ ಎದ್ದು ಕವಚ ಬದಲಾಯಿಸಿಕೊಳ್ಳುವುದಿಲ್ಲ. ಅಂದರೆ ಅವಳಿಗೆ ಗೊತ್ತು. ಮೂರು ವಾರದಿಂದ ಗೊತ್ತು. ಪ್ರತಿ ಸಂಜೆಯ ಆ "ಏನಾದರೂ ಹೇಳೋದಿದೆಯಾ" ಕಿವಿಯಲ್ಲಿ ಒಂದೊಂದಾಗಿ ಮೊಳಗಿತು. ಡಾಕ್ಟರು ಕಟ್ಟೆಯ ಮೇಲೆ ರಬ್ಬರಿನ ಹಲ್ಲಿಯ ಪಕ್ಕದಲ್ಲೇ ಕೂತರು.

ಸುಮ್ಮನೆ ಕಡಿವಾಣ ತೆಗೆದುಬಿಟ್ಟರೆ? ಕಾರಿಗೆ ಓಡಿ ಪರದೆ ಒತ್ತಿದರು. ನಾಲ್ಕಂಕಿಯ ಗುಪ್ತಸಂಖ್ಯೆ ಕೇಳಿತು. ತಮ್ಮ ಹುಟ್ಟಿದ ದಿನ ಒತ್ತಿದರು. ತಪ್ಪು. ಅವಳು ಅದನ್ನೂ ಬದಲಾಯಿಸಿದ್ದಳು! ಅವಳ ಹುಟ್ಟಿದ ದಿನ ಒತ್ತಿದರು. ತಪ್ಪು. ಮದುವೆಯ ದಿನ ಒತ್ತಿದರು. (ಇದರಲ್ಲಿ ಅವರಿಗೇ ಸ್ವಲ್ಪ ಅನುಮಾನವಿತ್ತು.) ತಪ್ಪು, ಇನ್ನು ನಾಳೆ ಪ್ರಯತ್ನಿಸಿ ಎಂದು ಪರದೆ ಕಪ್ಪಾಯಿತು. ಇನ್ನು ಉಳಿದದ್ದು ಎರಡೇ ದಾರಿ. ರೋಗ ಸಿಗಲಿಲ್ಲ ಎಂದು ಹೇಳಿ ಕಾರು ಕಳೆದುಕೊಳ್ಳುವುದು, ಇಲ್ಲವೇ ರೋಗ ಏನೆಂದು ಹೇಳಿ ಮಾನ ಕಳೆದುಕೊಳ್ಳುವುದು. ಡಾಕ್ಟರು ಒಮ್ಮೆ ಕೆಂಪು ಬಾನೆಟ್ಟನ್ನು ನೋಡಿದರು, ಒಮ್ಮೆ ಕಾಲಲ್ಲಿದ್ದ ಹೆಂಡತಿಯ ಚಪ್ಪಲಿಯನ್ನು ನೋಡಿದರು. ಮಾನವೆಂಬುದು ಬೆಳಿಗ್ಗೆಯೇ ಬಹುಪಾಲು ಖರ್ಚಾಗಿತ್ತು.

ಮನೆಯ ಮುಂದೆ ಆಗಲೇ ಬೂದು ಬೀರು ನಿಂತಿತ್ತು. ಭಾವಮೈದ ಸೀಟಿನ ಹೊದಿಕೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. "ಹನ್ನೆರಡಕ್ಕೆ ಐದು ನಿಮಿಷ ಇದೆ ಭಾವ. ಸಿಕ್ತಾ?"

ಹೆಡ್‌ಮಿಸ್ಸು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. "ಏನಾದರೂ ಹೇಳೋದಿದೆಯಾ?"

"ಕೀಲಿಯಲ್ಲಿ ಒಂದು ಸಣ್ಣ ದೋಷ ಇತ್ತು."

ಹೆಡ್‌ಮಿಸ್ಸು ಕಾದರು.

"ದೋಷ ಅಂದ್ರೆ... ಎರಡನೇ ಕೀಲಿಗೆ ಯಾರೋ ಕಡಿವಾಣ ಹಾಕಿದ್ರು."

ಕಾದರು. ಗೋಡೆ ಗಡಿಯಾರ ಟಿಕ್ ಟಿಕ್ ಎಂದಿತು. ಡಾಕ್ಟರಿಗೆ ತಮಗೆ ಎಂಟು ವರ್ಷ ವಯಸ್ಸಾಗಿ, ಒಡೆದ ಗಾಜಿನ ಮುಂದೆ ನಿಂತಂತೆ ಅನ್ನಿಸಿತು.

"ಯಾರೋ ಅಂದ್ರೆ... ನಾನೇ. ನಿನ್ನ ಕ್ಷೇಮಕ್ಕೆ. ಅಂದ್ರೆ ಎಂಜಿನ್ನಿನ ಕ್ಷೇಮಕ್ಕೆ. ಅಂದ್ರೆ ನಿನ್ನ ಕೈಲಿ ಏಳು ಸಾವಿರ ಆಗಲ್ಲ ಅಂದ್ಕೊಂಡಿದ್ದೆ. ಆಮೇಲೆ ಮರೆತೇಬಿಟ್ಟೆ. ತಪ್ಪಾಯ್ತು ಕಣೇ."

ಹೆಡ್‌ಮಿಸ್ಸು ಪಕ್ಕದಿಂದ ಕಾರಿನ ಪುಸ್ತಕ ತೆಗೆದು ನೂರ ನಲವತ್ತಮೂರನೆಯ ಪುಟ ತೆರೆದರು. ಅಲ್ಲಿ ಎರಡು ಸಾಲಿನ ಕೆಳಗೆ ಪೆನ್ಸಿಲ್ ಗೆರೆ, ಅಂಚಿನಲ್ಲಿ ಡಾಕ್ಟರ ಅಕ್ಷರದಲ್ಲಿ 'ಅವಳಿಗೆ' ಎಂದು ಬರೆದಿತ್ತು. "ಏರು ಯಾಕೆ ಹತ್ತಲ್ಲ ಅಂತ ನೋಡೋಕೆ ಪುಸ್ತಕ ತೆಗೆದೆ. ನೀವೇ ಗುರುತು ಹಾಕಿಟ್ಟಿದ್ರಿ, ಹುಡುಕೋ ಕಷ್ಟವೇ ಆಗಲಿಲ್ಲ. ಗುಪ್ತಸಂಖ್ಯೆಯೂ ಅಷ್ಟೇ. ಮನೆಯ ಎಲ್ಲ ಬೀಗಕ್ಕೂ ನಿಮ್ಮ ಹುಟ್ಟಿದ ದಿನವೇ ಅಲ್ವಾ?"

"ಅಕ್ಕಾ, ಹಾಗಾದ್ರೆ ಕಾರು?" ಭಾವಮೈದನ ತೋಳಿನಿಂದ ಹೊದಿಕೆ ಜಾರಿತು.

"ರೋಗ ಏನು ಅಂತ ಹೇಳಬೇಕು ಅಂತಿತ್ತು, ಹೇಳಿದಾರೆ. ಹನ್ನೆರಡಕ್ಕೆ ಇನ್ನೂ ಎರಡು ನಿಮಿಷ ಇದೆ. ಕಾರು ಇಲ್ಲೇ ಇರುತ್ತೆ" ಎಂದರು ಸಾಕ್ಷಿ. ಆಮೇಲೆ ಗಂಡನ ಕಡೆ ತಿರುಗಿದರು. "ನಮ್ಮ ಶಾಲೇಲಿ ತಾನಾಗಿ ಒಪ್ಪಿಕೊಂಡವರಿಗೆ ಶಿಕ್ಷೆ ಇಲ್ಲ. ಇನ್ನೊಬ್ಬರಿಗೆ ಏನು ಮಾಡಿದ್ರೋ ಅದನ್ನ ಅಷ್ಟೇ ದಿನ ತಾವೂ ಅನುಭವಿಸಿದ್ರೆ ಸಾಕು. ನಾನು ಒಂಬತ್ತು ತಿಂಗಳು ಓಡಿಸಿದೆ. ನಿಮ್ಮದು ಮೂರು ವಾರ ಮುಗಿದಿದೆ."

ಡಾಕ್ಟರು ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. ಆದರೂ ಆಶ್ಚರ್ಯವೆಂದರೆ, ಮನಸ್ಸು ಹಗುರಾಗಿತ್ತು. ಕಾರು ಉಳಿದಿತ್ತು. ಹೆಂಡತಿ ನಗುತ್ತಿದ್ದರು, ಮೂರು ವಾರ ಅದುಮಿಟ್ಟ ನಗು ಅದು, ಕಣ್ಣಲ್ಲಿ ನೀರು ಬರುವಷ್ಟು. ಭಾವಮೈದನೂ ಹೊದಿಕೆ ಎತ್ತಿಕೊಳ್ಳುವುದನ್ನು ಬಿಟ್ಟು ನಕ್ಕ. ಊಟದ ಹೊತ್ತಿಗೆ ಡಾಕ್ಟರೇ ರಬ್ಬರಿನ ಹಲ್ಲಿಯ ಕಥೆಯನ್ನು ಎರಡು ಸಲ ಹೇಳಿದರು.

ಸಂಜೆ ಇಬ್ಬರೂ ಕಾರಿನಲ್ಲಿ ಹೊರಟರು. ಹೆಡ್‌ಮಿಸ್ಸು ಸ್ಟೀರಿಂಗಿನಲ್ಲಿ, ಡಾಕ್ಟರು ಪಕ್ಕದಲ್ಲಿ, ಅವರ ತೊಡೆಯ ಮೇಲೆ ಬ್ಯಾಗು. ಟ್ಯಾಂಕಿನ ಏರು ಬಂತು. ಹೆಂಡತಿಯ ಕಾಲು ಪೆಡಲ್ಲನ್ನು 'ಓಲೈಸಿದ' ರೀತಿಗೆ ಡಾಕ್ಟರ ಬೆನ್ನು ಸೀಟಿಗೆ ಅಂಟಿಕೊಂಡಿತು. ಹಾಲಿನ ವ್ಯಾನು ಹಿಂದೆ ಬಿತ್ತು. ಎಷ್ಟು ಚೆನ್ನಾಗಿ ಓಡಿಸುತ್ತಾಳೆ ಎಂದು ಅವರಿಗೆ ಮೊದಲ ಸಲ ಅನ್ನಿಸಿತು, ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟರು. ಹೇಳಿದ ಮೇಲೆ, ಇದೇ ಸಮಯ ಎಂದು ಮೆಲ್ಲಗೆ ಕೇಳಿದರು.

"ಅಲ್ವೇ, ಆ ಹೊಸ ಗುಪ್ತಸಂಖ್ಯೆ ಏನು?"

"ನಿಮಗೆ ಗೊತ್ತಿರೋ ತಾರೀಖೇ. ನೀವಾಗಿ ಹೇಳಿದ್ರೆ ಇವತ್ತೇ ಕಡಿವಾಣ ತೆಗೆದುಬಿಡ್ತೀನಿ."

"ಯಾವ ತಾರೀಖು?"

"ಈ ಏರಿನಲ್ಲಿ ಕಾರಿಗೆ ಉಸಿರು ಕಟ್ಟುತ್ತೆ ಅಂತ ನಾನು ನಿಮ್ಮ ಹತ್ತಿರ ಮೊದಲನೇ ಸಲ ಹೇಳಿದ ದಿನ."

ಡಾಕ್ಟರು ಬಾಯಿ ತೆರೆದರು. ಹತ್ತಿಯಿರಲಿಲ್ಲ, ಕನ್ನಡಿಯಿರಲಿಲ್ಲ, ನಳಿಗೆಯಿರಲಿಲ್ಲ. ಆದರೂ ಒಳಗಿನಿಂದ ಒಂದು ಅಕ್ಷರವೂ ಹೊರಡಲಿಲ್ಲ. ಮುಳ್ಳು ಏಳು ಸಾವಿರ ಮುಟ್ಟಿತ್ತು. ಹೆಡ್‌ಮಿಸ್ಸು ರಸ್ತೆ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದರು. ಅವರಿಗೆ ಯಾವ ಅವಸರವೂ ಇರಲಿಲ್ಲ.